100 ಗ್ರಾಂ ಕಲ್ಲು ಎಳೆದ ಗಾಡಿ: ಬಲ ಅಳೆಯಲು ಹೋದ ನಾಲ್ಕು ವಾರ

ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲು. ನಾನು ಅಲ್ಲಿ ವಿಜ್ಞಾನದ ಮೇಷ್ಟ್ರು. ಒಂಬತ್ತನೇ ತರಗತಿಯಲ್ಲಿ ಬಲ ಮತ್ತು ಚಲನೆಯ ನಿಯಮಗಳ ಪಾಠ ಬರುತ್ತದೆ. ಮಕ್ಕಳು ಲೆಕ್ಕ ಚೆನ್ನಾಗಿಯೇ ಮಾಡುತ್ತಾರೆ. ರಾಶಿ (ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ) ಕೊಟ್ಟು ವೇಗೋತ್ಕರ್ಷ (ಪ್ರತಿ ಸೆಕೆಂಡಿಗೆ ವೇಗ ಎಷ್ಟು ಬದಲಾಗುತ್ತದೆ ಅನ್ನುವುದು) ಕೊಟ್ಟರೆ ಎರಡನ್ನೂ ಗುಣಿಸಿ, ಮುಂದೆ ಬಲದ ಮಾನವಾದ ನ್ಯೂಟನ್ ಅಂತ ಬರೆದು ಗೆರೆ ಎಳೆಯುತ್ತಾರೆ. ಜೂನ್ ಕೊನೆಯಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸಾ, ಒಂದು ನ್ಯೂಟನ್ ಅಂದ್ರೆ ಎಷ್ಟು ಜೋರು? ಕೈಗೆ ಗೊತ್ತಾಯ್ತದಾ?" ಅಂದ. ಅವರ ಮನೆಯವರು ಎತ್ತಿನ ಗಾಡಿಗೆ ಕಬ್ಬು ತುಂಬುವ ಜನ. ತೂಕ ಎಂದರೇನು, ಎಳೆಯುವುದೆಂದರೇನು ಅಂತ ಆ ಹುಡುಗನ ಹೆಗಲಿಗೆ ಗೊತ್ತು. ಅವನಿಗೆ ಬೋರ್ಡಿನ ಮೇಲಿನ ಉತ್ತರ ಸಾಲದು ಅನ್ನಿಸಿತು. ಅಳೆದು ತೋರಿಸಬೇಕು ಅಂತ ಕೆಲಸ ಶುರು ಮಾಡಿದೆ.

ಇದು ಆ ಕೆಲಸದ ದಿನಚರಿ. ಎಲ್ಲೆಲ್ಲಿ ತಪ್ಪಿದೆ ಅನ್ನುವುದನ್ನು ಬಿಡದೆ ಬರೆದಿದ್ದೇನೆ. ಬೇರೆ ಶಾಲೆಯಲ್ಲಿ ಯಾರಾದರೂ ಇದನ್ನು ಕಟ್ಟಲು ಹೊರಟರೆ ಅವರ ನಾಲ್ಕು ವಾರ ಒಂದು ವಾರವಾಗಲಿ.

ಜೂನ್ 28, ಶನಿವಾರ

ಶಾಲೆಯ ಬೀರುವಿನಲ್ಲಿ ಹಳೆಯ ಸ್ಪ್ರಿಂಗ್ ತಕ್ಕಡಿ ಇತ್ತು. ಅದರ ಕೊಕ್ಕೆಗೆ ಆಟದ ಲಾರಿಯೊಂದನ್ನು ಕಟ್ಟಿ ಎಳೆದೆ. ಮುಳ್ಳು 40 ಗ್ರಾಂನಿಂದ 150 ಗ್ರಾಂವರೆಗೆ ಕುಣಿಯಿತು. ಮಕ್ಕಳೂ ಒಬ್ಬೊಬ್ಬರಾಗಿ ಎಳೆದು ನೋಡಿದರು. ಯಾರ ಕೈಯಲ್ಲೂ ಮುಳ್ಳು ನಿಲ್ಲಲಿಲ್ಲ. ಓಡುವ ವಸ್ತುವನ್ನು ಒಂದೇ ಬಲದಲ್ಲಿ ಎಳೆಯುವುದು ಕೈಯಿಂದ ಆಗದ ಕೆಲಸ. ಅದಕ್ಕೆ ಎಳೆಯುವ ಕೆಲಸವನ್ನು ಬೀಳುವ ಕಲ್ಲಿಗೆ ಬಿಡೋಣ ಅಂತ ತೀರ್ಮಾನಿಸಿದೆವು. ಗಾಡಿಗೆ ದಾರ ಕಟ್ಟಬೇಕು. ದಾರ ಒಂದು ರಾಟೆಯ ಮೇಲೆ ಹಾದು ಕೆಳಗಿಳಿಯಬೇಕು. ತುದಿಯಲ್ಲಿ ತೂಕದ ಕಲ್ಲು ನೇತಾಡಬೇಕು.

ಜೂನ್ 29, ಭಾನುವಾರ: ಸಾಮಾನು

ಬೆಳಿಗ್ಗೆ ಮಂಡ್ಯಕ್ಕೆ ಹೋದೆ. ಚಕ್ರಕ್ಕೆ 608 ನಂಬರಿನ ಬೇರಿಂಗ್ ನಾಲ್ಕು ತೆಗೆದುಕೊಂಡೆ. ಒಳಗಿನ ತೂತು 8 ಮಿ.ಮೀ., ಹೊರಗಿನ ಅಳತೆ 22 ಮಿ.ಮೀ., ದಪ್ಪ 7 ಮಿ.ಮೀ. ಸ್ಕೇಟಿಂಗ್ ಚಕ್ರಕ್ಕೆ ಹಾಕುವುದು ಇದನ್ನೇ. ನಾಲ್ಕಕ್ಕೆ 140 ರೂಪಾಯಿ. ಅಚ್ಚಿಗೆ 8 ಮಿ.ಮೀ. ಥ್ರೆಡ್ ರಾಡ್ ಒಂದು ಮೀಟರ್, 60 ರೂಪಾಯಿ. ನಟ್ಟು, ವಾಷರ್ 40. ರಾಟೆಗೆ ಸ್ಲೈಡಿಂಗ್ ಕಿಟಕಿಗೆ ಹಾಕುವ ನೈಲಾನ್ ರೋಲರ್ ಒಂದು, 45. ಅದರ ಅಂಚಿನಲ್ಲಿ ಸುತ್ತಲೂ ತೋಡು ಇರುವುದರಿಂದ ದಾರ ಜಾರಿ ಹೋಗುವುದಿಲ್ಲ. ಗಾಳಕ್ಕೆ ಕಟ್ಟುವ ನೈಲಾನ್ ದಾರ 20. ಅಡುಗೆಮನೆಯ ಡಿಜಿಟಲ್ ತಕ್ಕಡಿ 450. ಹೊಲಿಗೆ ಮಿಷನ್ನಿನ ಎಣ್ಣೆ 25.

ಹಲಗೆಯನ್ನು ನಮ್ಮೂರ ಬಡಗಿಯವರಿಂದ ತಂದೆ. 19 ಮಿ.ಮೀ. ಪ್ಲೈವುಡ್, 6 ಅಡಿ ಉದ್ದ, 1 ಅಡಿ ಅಗಲ, ಯಾವುದೋ ಬೀರು ಮಾಡಿ ಮಿಕ್ಕಿದ್ದು. 250 ರೂಪಾಯಿ. ಗಾಡಿಯ ಮೈಗೆ ಬೇಕಾದ 25 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲದ ತುಂಡನ್ನು ಅವರು ಸುಮ್ನೆ ಕೊಟ್ಟರು. "ಮಕ್ಕಳ ಕೆಲಸಕ್ಕೆ ಅದಕ್ಕೆಲ್ಲ ದುಡ್ಡು ಏನ್ ಮೇಷ್ಟ್ರೇ" ಅಂದರು. ಆಮೇಲೆ ಒಂದು ಸ್ಪಂಜಿಗೆ 20 ಖರ್ಚಾಯಿತು. ಎಲ್ಲ ಸೇರಿ 1050 ರೂಪಾಯಿ. ತಕ್ಕಡಿ ಮೊದಲೇ ಇದ್ದರೆ 600ರಲ್ಲಿ ಮುಗಿಯುತ್ತದೆ. 50, 100, 200 ಗ್ರಾಂ ತೂಕದ ಕಲ್ಲುಗಳನ್ನು ಊರಿನ ಅಂಗಡಿಯಿಂದ ಎರವಲು ತಂದೆವು.

ಸಂಜೆಯೊಳಗೆ ಗಾಡಿ ನಿಂತಿತು. ಬರಿ ಗಾಡಿ 430 ಗ್ರಾಂ. ಮೇಲೆ ಮರಳು ತುಂಬಿದ ಡಬ್ಬಿ ಇಟ್ಟು ಒಟ್ಟು 1200 ಗ್ರಾಂ ಮಾಡಿಕೊಂಡೆ.

ಜುಲೈ 2, ಬುಧವಾರ: ಓಡದ ಗಾಡಿ

50 ಗ್ರಾಂ ಕಲ್ಲು ಕಟ್ಟಿದರೆ ಗಾಡಿ ಅಲ್ಲಾಡಲಿಲ್ಲ. ಬೆರಳಿನಿಂದ ತಳ್ಳಿದರೆ ಒಂದು ಗೇಣು ಹೋಗಿ ನಿಂತಿತು. ಹೊಸ ಬೇರಿಂಗ್, ಯಾಕೆ ಹೀಗೆ ಅಂತ ಗೊತ್ತಾಗಲಿಲ್ಲ. ಶಾಲೆ ಬಿಟ್ಟ ಮೇಲೆ ಗಾಡಿಯನ್ನು ಹಿಡಿದು ಟ್ರ್ಯಾಕ್ಟರ್ ರಿಪೇರಿ ಮಾಡುವವರ ಹತ್ತಿರ ಹೋದೆ. ಅವರು ಚಕ್ರವನ್ನು ಒಂದು ಸಲ ತಿರುಗಿಸಿದರು, ಅಷ್ಟೇ. ಎರಡು ತಪ್ಪು ಹೇಳಿದರು.

ಒಂದು, ವಾಷರ್. ನಾನು ಹಾಕಿದ್ದ ವಾಷರ್ ಅಗಲವಾಗಿತ್ತು. ನಟ್ಟು ಬಿಗಿ ಮಾಡಿದಾಗ ಅದು ಬೇರಿಂಗಿನ ಮುಚ್ಚಳಕ್ಕೂ ಒತ್ತುತ್ತಿತ್ತು. "ಒಳಗಿನ ಬಳೆ ಮಾತ್ರ ಬಿಗಿಯಾಗಬೇಕು ಸಾರ್. ಹೊರಗಿನ ಬಳೆಗೆ ಏನೂ ತಗುಲಬಾರದು" ಅಂದರು. ವಾಷರನ್ನು ಕಳಚಿ, ಒಳಬಳೆಯ ಮೇಲೆ ಮಾತ್ರ ಕೂರುವ ಚಿಕ್ಕ ಉಂಗುರ ಹಾಕಿಕೊಟ್ಟರು.

ಎರಡು, ಬೇರಿಂಗಿನ ಆಯ್ಕೆ. ನಾನು ತಂದದ್ದು ಎರಡೂ ಕಡೆ ರಬ್ಬರ್ ಸೀಲ್ ಇರುವ ಜಾತಿ. ಧೂಳು ಒಳಗೆ ಹೋಗದಿರಲಿ ಅಂತ ನಾನೇ ಕೇಳಿ ತೆಗೆದುಕೊಂಡಿದ್ದೆ. ಕೆಸರಿನಲ್ಲಿ ಓಡುವ ಚಕ್ರಕ್ಕೆ ಅದು ಒಳ್ಳೆಯದು. ನಮ್ಮ ಕೆಲಸಕ್ಕೆ ಆ ರಬ್ಬರಿನ ಉಜ್ಜಾಟವೂ ಒಳಗಿನ ಗಟ್ಟಿ ಗ್ರೀಸೂ ಎರಡೂ ಶತ್ರು. ಸೂಜಿಯಿಂದ ಸೀಲ್ ಎಬ್ಬಿಸಿ ತೆಗೆದೆವು. ಬೇರಿಂಗುಗಳನ್ನು ಪೆಟ್ರೋಲಿನಲ್ಲಿ ಅಲುಗಿಸಿ ತೊಳೆದೆವು. ಒಣಗಿದ ಮೇಲೆ ಹೊಲಿಗೆ ಮಿಷನ್ ಎಣ್ಣೆ ಒಂದೊಂದೇ ಹನಿ ಬಿಟ್ಟೆವು. ಪೆಟ್ರೋಲಿನ ಕೆಲಸವನ್ನು ಮಕ್ಕಳ ಕೈಗೆ ಕೊಡಬೇಡಿ. ಅದನ್ನು ಹೊರಗೆ ಬಯಲಿನಲ್ಲಿ ನಾನೇ ಮಾಡಿದೆ.

ಫಲ ಕಣ್ಣಿಗೆ ಕಂಡಿತು. ಮೊದಲು ಗಾಡಿಯನ್ನು ಓಡುತ್ತಲೇ ಇಡಲು 55 ಗ್ರಾಂ ಕಲ್ಲು ಬೇಕಿತ್ತು. ಈಗ ಹದಿನೈದು ಗ್ರಾಂ ಕೂಡ ಬೇಡ.

ಇನ್ನೊಂದು ತೊಂದರೆ ಉಳಿಯಿತು. ಗಾಡಿ ಎಡಕ್ಕೆ ಎಳೆಯುತ್ತಿತ್ತು, ಹಲಗೆಯಿಂದ ಕೆಳಗೆ ಬೀಳುತ್ತಿತ್ತು. ಎರಡು ಅಚ್ಚುಗಳ ನಡುವಿನ ಅಂತರ ಒಂದು ಕಡೆ 18.0 ಸೆಂ.ಮೀ., ಇನ್ನೊಂದು ಕಡೆ 18.4 ಇತ್ತು. ಅರದಿಂದ ಒಂದು ತೂತನ್ನು ಸ್ವಲ್ಪ ಉಜ್ಜಿ ಸರಿ ಮಾಡಿದೆ. ಅದಕ್ಕೇ ಒಂದೂವರೆ ಗಂಟೆ ಹಿಡಿಯಿತು.

ಜುಲೈ 5, ಶನಿವಾರ: ಸಮಮಟ್ಟ, ಸ್ಟಾಪ್‌ವಾಚ್, ಮೇಜು

ಗಾರೆ ಕೆಲಸದವರಿಂದ ರಸಮಟ್ಟ ತಂದು ಹಲಗೆಯ ಮೇಲಿಟ್ಟೆ. ಒಂದು ತುದಿ 5 ಮಿ.ಮೀ. ಕೆಳಗಿತ್ತು. ಆರಡಿಗೆ 5 ಮಿ.ಮೀ. ಏನು ಮಹಾ ಅಂತ ಬಿಡಲು ಹೊರಟಿದ್ದೆ. ಆಮೇಲೆ ಲೆಕ್ಕ ಹಾಕಿದೆ. ಅಷ್ಟು ಇಳಿಜಾರಿನಲ್ಲಿ 1.2 ಕೆ.ಜಿ. ಗಾಡಿಯನ್ನು ಅದರ ಸ್ವಂತ ತೂಕವೇ 0.032 ನ್ಯೂಟನ್ ಬಲದಿಂದ ಎಳೆಯುತ್ತದೆ. ಆಮೇಲೆ ಅಳೆದಾಗ ಚಕ್ರಗಳ ಘರ್ಷಣೆ 0.12 ನ್ಯೂಟನ್ ಬಂತು. ಅದರ ಕಾಲು ಭಾಗಕ್ಕಿಂತ ಜಾಸ್ತಿ ಬರಿ ಈ ಓರೆಯಿಂದ! ಕಾಲುಗಳ ಕೆಳಗೆ ರಟ್ಟಿನ ತುಂಡು ಕೊಟ್ಟು ಮಟ್ಟ ಮಾಡಿದೆ. ಹಲಗೆ ನಡುವೆ 3 ಮಿ.ಮೀ. ಬಗ್ಗಿತ್ತು, ಅಲ್ಲಿಗೂ ಒಂದು ಆಸರೆ ಬೇಕಾಯಿತು.

ನಂತರ ಹಲಗೆಯ ಮೇಲೆ 1.20 ಮೀಟರ್ ದೂರಕ್ಕೆ ಎರಡು ಗೆರೆ ಎಳೆದು, 100 ಗ್ರಾಂ ಕಲ್ಲು ಕಟ್ಟಿ, ಫೋನಿನ ಸ್ಟಾಪ್‌ವಾಚ್ ಹಿಡಿದು ಐದು ಸಲ ಓಡಿಸಿದೆವು. ಬಂದ ಸಮಯ ಸೆಕೆಂಡಿನಲ್ಲಿ: 1.81, 2.17, 1.94, 2.22, 1.86.

ನಿಂತಲ್ಲಿಂದ ಒಂದೇ ಸಮನೆ ವೇಗ ಏರಿದರೆ ವೇಗೋತ್ಕರ್ಷ ಎಂದರೆ ದೂರದ ಎರಡರಷ್ಟನ್ನು ಸಮಯದ ವರ್ಗದಿಂದ ಭಾಗಿಸಿದ್ದು. 1.81ಕ್ಕೆ 0.73 ಮೀ/ಸೆ² ಬಂತು. 2.22ಕ್ಕೆ 0.49. ಒಂದೇ ಗಾಡಿ, ಒಂದೇ ಕಲ್ಲು, ಬಲ ಮಾತ್ರ 0.58ರಿಂದ 0.88 ನ್ಯೂಟನ್‌ವರೆಗೆ ಎಲ್ಲಿ ಬೇಕಾದರೂ! ಬೆರಳು ಒತ್ತುವುದರಲ್ಲಿ ಆಚೀಚೆ 0.2 ಸೆಕೆಂಡ್ ತಪ್ಪುತ್ತದೆ. ಸಮಯವನ್ನು ವರ್ಗ ಮಾಡುವುದರಿಂದ ಶೇಕಡಾ 10ರ ತಪ್ಪು ಉತ್ತರದಲ್ಲಿ ಶೇಕಡಾ 20 ಆಗಿಬಿಡುತ್ತದೆ. ಎರಡು ಸೆಕೆಂಡಿನ ಓಟಕ್ಕೆ ಸ್ಟಾಪ್‌ವಾಚ್ ಬೇಡ.

ಅದೇ ದಿನ ಇದಕ್ಕಿಂತ ದೊಡ್ಡ ತಪ್ಪೊಂದು ಇತ್ತು. ಅದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಆರನೇ ಓಟಕ್ಕೆ ನೆಲದ ಹತ್ತಿರ ಕೂತಿದ್ದ ಹುಡುಗಿ "ಸಾ, ಗಾಡಿ ಗೆರೆ ಮುಟ್ಟೋಕೆ ಮುಂಚೇನೇ ಕಲ್ಲು ನೆಲಕ್ಕೆ ಬೀಳ್ತಾದೆ" ಅಂದಳು. ಹೌದು. ಮೇಜಿನ ಎತ್ತರ 76 ಸೆಂ.ಮೀ. ಕಲ್ಲಿಗೆ ಬೀಳಲು ಇದ್ದ ಜಾಗ 70. ಗಾಡಿ ಓಡಬೇಕಾದದ್ದು 120. ಕೊನೆಯ 50 ಸೆಂ.ಮೀ. ಗಾಡಿಯನ್ನು ಯಾರೂ ಎಳೆಯುತ್ತಿರಲಿಲ್ಲ. ಅದು ಸುಮ್ನೆ ಉರುಳುತ್ತಿತ್ತು. ಆ ದಿನದ ಎಲ್ಲ ಅಂಕಿಗಳನ್ನೂ ಗೆರೆ ಎಳೆದು ಹೊಡೆದು ಹಾಕಿದೆವು.

ಜುಲೈ 9, ಬುಧವಾರ: ಮೆಟ್ಟಿಲು, ಊದುಕಡ್ಡಿ, ಫೋನು

ಹಲಗೆಯನ್ನು ಮಹಡಿ ಮೆಟ್ಟಿಲ ತಲೆಗೆ ಸಾಗಿಸಿದೆವು. ರಾಟೆಯ ತುದಿ ಮೆಟ್ಟಿಲಿನ ಕಡೆ ಚಾಚಿರುವಂತೆ ಬೆಂಚಿನ ಮೇಲೆ ಕೂರಿಸಿದೆವು. ಕಲ್ಲಿಗೆ ಈಗ ಎರಡು ಮೀಟರ್ ಆಳ. ಕೆಳಗೆ ಮಡಿಸಿದ ಗೋಣಿಚೀಲ. ಓಡಿಸುವಾಗ ಆ ಮೆಟ್ಟಿಲಲ್ಲಿ ಯಾರೂ ಓಡಾಡಬಾರದು ಅಂತ ಕಾವಲಿಗೆ ಇಬ್ಬರು.

ಕೈ ಬಿಡುವಾಗ ಗಾಡಿಗೆ ಸಣ್ಣ ನೂಕು ಬೀಳುತ್ತಿತ್ತು. ಎಷ್ಟು ಎಚ್ಚರ ವಹಿಸಿದರೂ ತಪ್ಪಲಿಲ್ಲ. ಅದಕ್ಕೆ ಗಾಡಿಯ ಹಿಂಬದಿಯನ್ನು ಹತ್ತಿಯ ನೂಲಿನಿಂದ ಒಂದು ಮೊಳೆಗೆ ಕಟ್ಟಿ, ಆ ನೂಲಿಗೆ ಊದುಕಡ್ಡಿಯ ಕೆಂಡ ತಾಗಿಸಿದೆವು. ನೂಲು ಸುಟ್ಟು ಕಡಿಯುತ್ತದೆ, ಗಾಡಿ ತಾನಾಗಿ ಹೊರಡುತ್ತದೆ. ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಮೆಟ್ಟಿಲ ಮೇಲೆಲ್ಲ ಗಂಧದ ವಾಸನೆ, ಮಕ್ಕಳೆಲ್ಲ ಉಸಿರು ಬಿಗಿ ಹಿಡಿದು ಆ ನೂಲನ್ನೇ ನೋಡುತ್ತಿದ್ದರು.

ಸಮಯಕ್ಕೆ ಫೋನಿನ ಸ್ಲೋ ಮೋಷನ್ ವಿಡಿಯೋ. ಒಂದೊಂದೇ ಚಿತ್ರ ಮುಂದೆ ತಳ್ಳಿ ಎಣಿಸುವ ಆಪ್ ಹಾಕಿಕೊಂಡೆ. ಹೊರಟ ಚಿತ್ರದಿಂದ ಗೆರೆ ಮುಟ್ಟಿದ ಚಿತ್ರದವರೆಗೆ 229 ಬಂತು. ನನ್ನ ಫೋನ್ ಸೆಕೆಂಡಿಗೆ 240 ಚಿತ್ರ ತೆಗೆಯುತ್ತದೆ ಅಂತ ಡಬ್ಬಿಯ ಮೇಲೆ ಓದಿದ್ದೆ. 229ನ್ನು 240ರಿಂದ ಭಾಗಿಸಿದರೆ 0.954 ಸೆಕೆಂಡ್. ವೇಗೋತ್ಕರ್ಷ 2.64. ಅದನ್ನು 1.2ರಿಂದ ಗುಣಿಸಿದರೆ ಬಲ 3.16 ನ್ಯೂಟನ್.

ಬೋರ್ಡಿನ ಮೇಲೆ ಬರೆದು ಎಲ್ಲರೂ ನೋಡಿದೆವು. ಎಳೆಯುತ್ತಿರುವುದು 100 ಗ್ರಾಂ ಕಲ್ಲು. ಅದರ ತೂಕವೇ 0.98 ನ್ಯೂಟನ್ (0.1 ಕೆ.ಜಿ.ಯನ್ನು ಗುರುತ್ವ ವೇಗೋತ್ಕರ್ಷ 9.8ರಿಂದ ಗುಣಿಸಿದ್ದು). ಒಂದು ನ್ಯೂಟನ್ ಎಳೆತದಿಂದ ಮೂರು ನ್ಯೂಟನ್ ಹೇಗೆ ಬಂತು? ಬರಲು ಸಾಧ್ಯವೇ ಇಲ್ಲ. ಎರಡು ದಿನ ತಲೆ ಕೆಡಿಸಿಕೊಂಡೆ. ದಾರ ಬದಲಾಯಿಸಿದೆ, ಟೇಪ್ ಹಿಡಿದು ದೂರವನ್ನು ಮತ್ತೆ ಅಳೆದೆ. ಕೊನೆಗೆ ಇನ್ನೊಂದು ಫೋನಿನಲ್ಲಿ ಸ್ಟಾಪ್‌ವಾಚ್ ಓಡಿಸಿ ಅದನ್ನೇ ನನ್ನ ಫೋನಿನಿಂದ ಸ್ಲೋ ಮೋಷನ್ನಿನಲ್ಲಿ ತೆಗೆದೆ. ಒಂದು ಸೆಕೆಂಡಿಗೆ ಸರಿಯಾಗಿ 120 ಚಿತ್ರ. ಸೆಟ್ಟಿಂಗ್ 120ರಲ್ಲಿ ಕೂತಿತ್ತು, ನಾನು ನೋಡಿರಲಿಲ್ಲ. ಸಮಯ ಅರ್ಧವಾದರೆ ವೇಗೋತ್ಕರ್ಷ ನಾಲ್ಕು ಪಟ್ಟು. ಬಲವೂ ನಾಲ್ಕು ಪಟ್ಟು.

ಫೋನಿನಿಂದ ಅಳೆಯುವವರು ಈ ಸ್ಟಾಪ್‌ವಾಚ್ ಪರೀಕ್ಷೆಯನ್ನು ಮೊದಲ ದಿನವೇ ಮಾಡಿ. ಡಬ್ಬಿಯ ಮೇಲಿನ ಅಂಕಿ ನಂಬಬೇಡಿ. ಹಾಗೆಯೇ ಫೋನನ್ನು ದೂರದಲ್ಲಿಟ್ಟು, ಗೆರೆಗಳನ್ನು ಹಲಗೆಯ ಅಂಚಿನಲ್ಲಿ ಗಾಡಿಗೆ ತೀರಾ ಹತ್ತಿರ ಎಳೆಯಿರಿ. ಇಲ್ಲದಿದ್ದರೆ ಓರೆ ನೋಟದಿಂದ ಗಾಡಿ ಬೇಗವೋ ತಡವಾಗಿಯೋ ಮುಟ್ಟಿದಂತೆ ಕಾಣುತ್ತದೆ.

ಜುಲೈ 12, ಶನಿವಾರ: ಕಾಣೆಯಾದ 0.19 ನ್ಯೂಟನ್

ಸೆಟ್ಟಿಂಗನ್ನು 240ಕ್ಕೆ ತಿರುಗಿಸಿ ಐದು ಸಲ ಓಡಿಸಿದೆವು. ಚಿತ್ರಗಳ ಎಣಿಕೆ 455ರಿಂದ 461ರೊಳಗೆ ಬಂತು. ಸರಾಸರಿ 458, ಅಂದರೆ 1.908 ಸೆಕೆಂಡ್. ಸ್ಟಾಪ್‌ವಾಚಿನ ದಿನಕ್ಕೆ ಹೋಲಿಸಿದರೆ ಇದು ಬಂಗಾರ. ವೇಗೋತ್ಕರ್ಷ 0.659 ಮೀ/ಸೆ². ಗಾಡಿಯ 1.2 ಕೆ.ಜಿ.ಯಿಂದ ಗುಣಿಸಿದರೆ 0.791 ನ್ಯೂಟನ್.

ಕಲ್ಲಿನ ತೂಕ 0.98. ಸುಮಾರು 0.19 ನ್ಯೂಟನ್ ಕಡಿಮೆ ಬಂತು. "ಉಳಿದದ್ದು ಘರ್ಷಣೆ ತಿಂದಿದೆ" ಅಂತ ಹೇಳಿದೆ. ಹೇಳಿದ ಮೇಲೆ ಅದನ್ನೂ ಅಳೆಯಬೇಕಲ್ವಾ? ಕಲ್ಲಿನ ಬದಲು ಪ್ಲಾಸ್ಟಿಕ್ ಲೋಟ ಕಟ್ಟಿ ಚಿಟಿಕೆ ಚಿಟಿಕೆ ಮರಳು ಹಾಕುತ್ತಾ ಹೋದೆವು. ಪ್ರತಿ ಸಲ ಗಾಡಿಗೆ ಬೆರಳಿನಿಂದ ಮೆಲ್ಲಗೆ ಒಂದು ನೂಕು. ಲೋಟವೂ ಮರಳೂ ಸೇರಿ 12 ಗ್ರಾಂ ಆದಾಗ ಗಾಡಿ ವೇಗ ಏರಿಸದೆ, ಇಳಿಸದೆ ಒಂದೇ ಸಮನೆ ಹೋಯಿತು. ಪ್ರತಿ 20 ಸೆಂ.ಮೀ.ಗೆ ಅಷ್ಟಷ್ಟೇ ಚಿತ್ರ. ಅಂದರೆ 12 ಗ್ರಾಂ ತೂಕದಷ್ಟು ಎಳೆತ ಘರ್ಷಣೆಗೇ ಖರ್ಚು. ಅದು 0.118 ನ್ಯೂಟನ್. ಕಾಣೆಯಾದದ್ದು 0.19. ಇನ್ನೂ 0.07 ಎಲ್ಲಿ?

ರಾಟೆಯನ್ನು ಬಯ್ದೆ. ಅದಕ್ಕೆ ಎಣ್ಣೆ ಬಿಟ್ಟೆ. ಏನೂ ಬದಲಾಗಲಿಲ್ಲ. ಮರಳಿನ ಪರೀಕ್ಷೆಯಲ್ಲಿ ರಾಟೆಯ ಘರ್ಷಣೆಯೂ ಸೇರಿಯೇ ಇತ್ತು, ಹಾಗಾಗಿ ತಪ್ಪು ಅಲ್ಲಿರಲು ಆಗುತ್ತಿರಲಿಲ್ಲ.

ಅವತ್ತು ನೆಲದ ಹತ್ತಿರ ಕೂತು ಕಲ್ಲು ನೋಡಿದ್ದ ಹುಡುಗಿಯೇ ಮತ್ತೆ ಕೇಳಿದಳು. "ಸಾ, ಗಾಡಿ ಓಡೋವಾಗ ಕಲ್ಲೂ ಓಡ್ತಾ ಇರ್ತದಲ್ಲ. ಅದನ್ನ ಯಾರ್ ಓಡಿಸ್ತಾರೆ?"

ನಾನು ಸೀಮೆಸುಣ್ಣ ಕೆಳಗಿಟ್ಟೆ. ಅವಳು ಹೇಳಿದ್ದು ಸರಿ. ಕಲ್ಲು ಸುಮ್ನೆ ನೇತಾಡುತ್ತಿಲ್ಲ. ಗಾಡಿಯ ಜೊತೆಗೆ ಅದೂ 0.659ರ ವೇಗೋತ್ಕರ್ಷದಲ್ಲಿ ಕೆಳಗೆ ಹೋಗುತ್ತಿದೆ. ತನ್ನ ತೂಕದ ಒಂದು ಪಾಲನ್ನು ಅದು ತನ್ನನ್ನು ಓಡಿಸಿಕೊಳ್ಳಲಿಕ್ಕೇ ಬಳಸುತ್ತಿದೆ. 0.1 ಕೆ.ಜಿ.ಯನ್ನು 0.659ರಿಂದ ಗುಣಿಸಿದೆವು. 0.066.

ಗಾಡಿಗೆ 0.791. ಕಲ್ಲಿಗೆ 0.066. ಘರ್ಷಣೆಗೆ 0.118. ಕೂಡಿದರೆ 0.975. ಬೇಕಾಗಿದ್ದದ್ದು 0.98. ಕ್ಲಾಸಿನಲ್ಲಿ ಚಪ್ಪಾಳೆ ಬಿತ್ತು. ಆ ಚಪ್ಪಾಳೆ ಆ ಹುಡುಗಿಗೆ ಸೇರಬೇಕಾದದ್ದು, ಹಾಗೆ ಹೇಳಿಯೂ ಹೇಳಿದೆ.

ಇಷ್ಟು ವರ್ಷ ಪಾಠ ಮಾಡಿದ ನಾನು ಇಲ್ಲಿ ಎಡವಿದ್ದೆ. ದಾರ ಗಾಡಿಯನ್ನು 0.98 ನ್ಯೂಟನ್ ಬಲದಿಂದ ಎಳೆಯುತ್ತದೆ ಅಂತಲೇ ನಾನು ಹಿಡಿದುಕೊಂಡಿದ್ದೆ. ನಿಜಕ್ಕೂ ದಾರದ ಎಳೆತ ಸುಮಾರು 0.91. ಕಲ್ಲು ನಿಂತಿದ್ದರೆ ಮಾತ್ರ 0.98. ಬಲ ಎಂದರೆ ರಾಶಿ ಗುಣಿಸು ವೇಗೋತ್ಕರ್ಷ ಅಂತ ಬರೆಯುವ ಮೊದಲು ಯಾವ ರಾಶಿ, ಏನೇನು ಒಟ್ಟಿಗೆ ಓಡುತ್ತಿದೆ ಅಂತ ಕೇಳಬೇಕು. ಅಲ್ಲಿಂದ ಮುಂದೆ ಪ್ರತಿ ಲೆಕ್ಕದ ಮೊದಲ ಸಾಲಿನಲ್ಲಿ ಮಕ್ಕಳಿಂದ "ಓಡುತ್ತಿರುವುದು:" ಅಂತ ಬರೆಸುತ್ತಿದ್ದೇನೆ.

ಹಿಂದಿನ ಬೆಂಚಿನ ಹುಡುಗನ ಬೆರಳಿಗೆ ಅದೇ 100 ಗ್ರಾಂ ಕಲ್ಲನ್ನು ದಾರದಿಂದ ನೇತುಹಾಕಿದೆ. "ಇದು ಹೆಚ್ಚುಕಮ್ಮಿ ಒಂದು ನ್ಯೂಟನ್" ಅಂದೆ. "ಇಷ್ಟೇನಾ ಸಾ?" ಅಂದ. ಹೌದು, ಅಷ್ಟೇ.

ಜುಲೈ 16, ಬುಧವಾರ

ಗಾಡಿಯನ್ನು 2.4 ಕೆ.ಜಿ. ಮಾಡಿದೆವು. ಕಲ್ಲು ಅದೇ 100 ಗ್ರಾಂ. ಭಾರ ಜಾಸ್ತಿಯಾದಾಗ ಘರ್ಷಣೆಯೂ ಜಾಸ್ತಿಯಾಯಿತು, ಮರಳು 20 ಗ್ರಾಂ ಕೇಳಿತು. ಹಾಗಾಗಿ ಉಳಿಯುವ ಬಲ 0.784. ಚಿತ್ರಗಳು 670, ಅಂದರೆ 2.79 ಸೆಕೆಂಡ್. ವೇಗೋತ್ಕರ್ಷ 0.308. ಓಡುತ್ತಿರುವುದು 2.5 ಕೆ.ಜಿ. ಗುಣಿಸಿದರೆ 0.770.

ಮತ್ತೆ 1.2 ಕೆ.ಜಿ. ಗಾಡಿಗೆ 200 ಗ್ರಾಂ ಕಲ್ಲು. ಚಿತ್ರಗಳು 325, ವೇಗೋತ್ಕರ್ಷ 1.309, ಓಡುತ್ತಿರುವುದು 1.4 ಕೆ.ಜಿ. ಗುಣಿಸಿದರೆ 1.83. ಘರ್ಷಣೆ ಕಳೆದು ಉಳಿಯುವುದು 1.84. ಶೇಕಡಾ ಎರಡರೊಳಗಿನ ವ್ಯತ್ಯಾಸ. ಗುರುತ್ವ ವೇಗೋತ್ಕರ್ಷವನ್ನು ಪಠ್ಯದಂತೆ 9.8 ಹಿಡಿದೆವು. ನಮ್ಮ ಕಡೆ ಅದು 9.78ರ ಹತ್ತಿರ. ಈ ಹಲಗೆಗೆ ಆ ವ್ಯತ್ಯಾಸ ಕಾಣುವಷ್ಟು ದೊಡ್ಡದಲ್ಲ.

ಜುಲೈ 19 ಮತ್ತು 20: ಕಣದಲ್ಲಿ ಸೈಕಲ್

ಗಾಡಿ ಆಯಿತು, ಮನುಷ್ಯರದ್ದು ಅಳೆಯೋಣ ಅಂತ ಮಕ್ಕಳ ಹಟ. ನಿಂತ ಸೈಕಲ್ಲನ್ನು ಓಡಿಸಲು ಸರಾಸರಿ ಎಷ್ಟು ಬಲ ಬೇಕು? ಊರಿನ ಸಿಮೆಂಟ್ ಕಣ ಈ ತಿಂಗಳು ಖಾಲಿ, ನೆಲ ಮಟ್ಟಸ. ಸುಣ್ಣದ ಪುಡಿಯಿಂದ 10 ಮೀಟರ್ ಗುರುತು ಮಾಡಿ, 2.5 ಮೀಟರಿಗೊಂದು ಗೆರೆ ಎಳೆದೆವು. ನಿಲ್ಲಿಸಲು ಮುಂದೆ ಇನ್ನೂ 8 ಮೀಟರ್ ಇತ್ತು. ಹಾಲಿನ ಡೈರಿಯಲ್ಲಿ ಹಿಂಡಿ ತೂಗುವ ತಕ್ಕಡಿಯ ಮೇಲೆ ಹುಡುಗ 46 ಕೆ.ಜಿ., ಸೈಕಲ್ 18. ಓಡುತ್ತಿರುವುದು 64 ಕೆ.ಜಿ.

ಶನಿವಾರ ಸಂಜೆಯ ಓಟಗಳು ದಂಡ. ಆಷಾಢದ ಗಾಳಿ. ಗಾಳಿಯ ದಿಕ್ಕಿಗೆ ಹೋದರೆ 3.7 ಸೆಕೆಂಡ್, ಎದುರಿಗೆ ಹೋದರೆ 4.4. ಭಾನುವಾರ ಬೆಳಿಗ್ಗೆ ಆರೂವರೆಗೆ ಎಲೆ ಅಲ್ಲಾಡದ ಹೊತ್ತಿನಲ್ಲಿ ಮತ್ತೆ ಸೇರಿದೆವು. ಅದೇ ಹುಡುಗ, ಅದೇ ಸೈಕಲ್. 10 ಮೀಟರಿಗೆ 3.97 ಸೆಕೆಂಡ್.

ಹಳೆಯ ಅಭ್ಯಾಸದಂತೆ ದೂರದ ಎರಡರಷ್ಟನ್ನು ಸಮಯದ ವರ್ಗದಿಂದ ಭಾಗಿಸಿದೆ. 1.27 ಮೀ/ಸೆ². 64ರಿಂದ ಗುಣಿಸಿ 81 ನ್ಯೂಟನ್ ಅಂತ ಬರೆದೆ. ಮಕ್ಕಳೂ ಬರೆದುಕೊಂಡರು. ಮನೆಗೆ ಬಂದು ನಡುವಿನ ಗೆರೆಗಳ ಸಮಯ ನೋಡಿದಾಗ ಎದೆ ಧಸಕ್ಕೆಂದಿತು.

2.5 ಮೀಟರಿಗೆ 1.66 ಸೆಕೆಂಡ್. 5ಕ್ಕೆ 2.52. 7.5ಕ್ಕೆ 3.27. 10ಕ್ಕೆ 3.97. ಪ್ರತಿ ತುಂಡಿನ ಸರಾಸರಿ ವೇಗ 1.51, 2.91, 3.33, 3.57 ಮೀ/ಸೆ. ವೇಗ ಒಂದೇ ಸಮನೆ ಏರಿಲ್ಲ. ಮೊದಲು ಜೋರಾಗಿ ಏರಿ ಆಮೇಲೆ ಸೋತಿದೆ. ಕಲ್ಲು ಎಳೆದ ಗಾಡಿಗೆ ಸರಿಹೋದ ಸೂತ್ರ ತುಳಿಯುವ ಹುಡುಗನಿಗೆ ಸರಿಹೋಗುವುದಿಲ್ಲ. ಕಲ್ಲಿಗೆ ದಣಿವಿಲ್ಲ, ಹುಡುಗನಿಗೆ ಇದೆ.

ಸರಿಯಾದ ದಾರಿ ಒಂದೇ. ವೇಗ ಎಷ್ಟು ಬದಲಾಯಿತು, ಅದಕ್ಕೆ ಎಷ್ಟು ಹೊತ್ತು ಹಿಡಿಯಿತು, ಅದನ್ನು ನೇರವಾಗಿ ಹಿಡಿಯಬೇಕು. ತುಂಡಿನ ಸರಾಸರಿ ವೇಗವನ್ನು ಆ ತುಂಡಿನ ನಡು ಹೊತ್ತಿನ ವೇಗ ಅಂತ ಇಟ್ಟುಕೊಂಡೆ. ಕೊನೆಯ ಮೂರು ತುಂಡಿಗೆ ಇದು ಸಾಕಷ್ಟು ಹತ್ತಿರ. ಮೊದಲ ತುಂಡಿನಲ್ಲಿ ವೇಗ ತೀರಾ ಬೇಗ ಬದಲಾಗುವುದರಿಂದ ಅದನ್ನು ಬಿಟ್ಟು, ನಿಂತ ಸ್ಥಿತಿಯಿಂದ ಎರಡನೇ ತುಂಡಿನ ನಡುವಿಗೆ ಹಾರಿದೆ.

0ಯಿಂದ 2.91ಕ್ಕೆ ಏರಲು 2.09 ಸೆಕೆಂಡ್. ವೇಗೋತ್ಕರ್ಷ 1.39, ಸರಾಸರಿ ಬಲ 89 ನ್ಯೂಟನ್. ಅಲ್ಲಿಂದ 3.33ಕ್ಕೆ ಏರುವಾಗ 33 ನ್ಯೂಟನ್. ಅಲ್ಲಿಂದ 3.57ಕ್ಕೆ ಏರುವಾಗ ಬರಿ 21. ಎಲ್ಲ ಸೇರಿಸಿ ನಿಂತಲ್ಲಿಂದ 3.62 ಸೆಕೆಂಡಿನಲ್ಲಿ 3.57 ಮೀ/ಸೆ ವೇಗ. ಸರಾಸರಿ ಬಲ 63 ನ್ಯೂಟನ್. ನಾನು ಮಕ್ಕಳಿಗೆ ಬರೆಸಿದ್ದು 81.

ಸೋಮವಾರ ಮೊದಲ ಪೀರಿಯಡ್ಡಿನಲ್ಲೇ ತಿದ್ದಿದೆ. 81ನ್ನು ಅಳಿಸಲು ಬಿಡಲಿಲ್ಲ. ಪಕ್ಕದಲ್ಲಿ ಅಡ್ಡಗೆರೆ ಎಳೆದು, ಯಾಕೆ ತಪ್ಪು ಅಂತ ಬರೆಸಿದೆ. ಐಸಾಕ್ ನ್ಯೂಟನ್ 1687ರಲ್ಲಿ ಚಲನೆಯ ನಿಯಮಗಳನ್ನು ಬರೆದಾಗಲೂ ಅವನು ಮಾತಾಡಿದ್ದು ಚಲನೆಯ ಬದಲಾವಣೆಯ ಬಗ್ಗೆ. ನಾವು ಗೊತ್ತಿರುವ ಸೂತ್ರ ಎಲ್ಲಿಗೂ ಹೊಂದುತ್ತದೆ ಅಂತ ಅದನ್ನು ಮರೆಯುತ್ತೇವೆ.

ಇನ್ನೊಂದು ಮಾತು. ಈ 63 ನ್ಯೂಟನ್ ಹುಡುಗ ತುಳಿದ ಬಲ ಅಲ್ಲ. ಗಾಳಿ, ಟೈರು, ಚೈನು ತಿಂದದ್ದನ್ನು ಕಳೆದು ಉಳಿದ ಬಲ. ಕೊನೆಯ ತುಂಡಿನಲ್ಲಿ 21ಕ್ಕೆ ಇಳಿದದ್ದಕ್ಕೆ ದಣಿವೂ ಕಾರಣ, ವೇಗದ ಜೊತೆ ಏರುವ ಗಾಳಿಯ ತಡೆಯೂ ಕಾರಣ. ಯಾವುದರ ಪಾಲು ಎಷ್ಟು ಅಂತ ನಮ್ಮ ಅಳತೆಯಿಂದ ಬಿಡಿಸಲು ಆಗುವುದಿಲ್ಲ.

ಜುಲೈ 23, ಬುಧವಾರ: ನಿಲ್ಲಿಸುವ ಬಲ

ಇದನ್ನು ಅರ್ಧ ದಿನದಲ್ಲಿ ಮುಗಿಸಿದೆವು. 1.2 ಕೆ.ಜಿ. ಗಾಡಿ 1.20 ಮೀಟರ್ ಓಡಿದಾಗ ವೇಗ 1.26 ಮೀ/ಸೆ. ಆ ಹೊತ್ತಿಗೆ ಕಲ್ಲು ಗೋಣಿಚೀಲದ ಮೇಲೆ ಕೂರುವಂತೆ ದಾರದ ಉದ್ದ ಹೊಂದಿಸಿದೆವು, ಇಲ್ಲದಿದ್ದರೆ ನಿಲ್ಲುವಾಗಲೂ ಅದು ಎಳೆಯುತ್ತಿರುತ್ತದೆ. ಎದುರಿಗೆ ಸ್ಪಂಜ್ ಇಟ್ಟಾಗ ನಿಲ್ಲಲು 19 ಚಿತ್ರ, 0.079 ಸೆಕೆಂಡ್. ಸರಾಸರಿ ಬಲ 19 ನ್ಯೂಟನ್. ಓಡಿಸಲು ಒಂದು ನ್ಯೂಟನ್ ಕೂಡ ಬೇಕಾಗಿರಲಿಲ್ಲ, ನಿಲ್ಲಿಸಲು ಹತ್ತೊಂಬತ್ತು. ಓಡಿಸಲು ಎರಡು ಸೆಕೆಂಡ್ ಸಿಕ್ಕಿತ್ತು, ನಿಲ್ಲಿಸಲು ಅದರ ಇಪ್ಪತ್ತನಾಲ್ಕನೇ ಒಂದು ಪಾಲು.

ಸ್ಪಂಜಿನ ಬದಲು ಇಟ್ಟಿಗೆ ಇಟ್ಟಾಗ ಗಾಡಿ ಬಡಿದು 0.3 ಮೀ/ಸೆ ವೇಗದಲ್ಲಿ ಹಿಂದಕ್ಕೆ ಬಂತು. ಅರ್ಧ ಕ್ಲಾಸು 1.26ರಿಂದ 0.30 ಕಳೆಯಿತು. ಕೂಡಬೇಕು. ಮುಂದೆ ಹೋಗುತ್ತಿದ್ದದ್ದು ನಿಂತು, ಆಮೇಲೆ ಹಿಂದಕ್ಕೆ ಹೊರಟಿದೆ. ಬದಲಾವಣೆ 1.56. ಆದರೆ ಇಟ್ಟಿಗೆ ಮುಟ್ಟಿದ್ದ ಹೊತ್ತು ಎರಡು ಚಿತ್ರವೋ ಮೂರು ಚಿತ್ರವೋ ಹೇಳಲಾಗಲಿಲ್ಲ. ಎರಡಾದರೆ 225 ನ್ಯೂಟನ್, ಮೂರಾದರೆ 150. ಹಾಗೆಯೇ ಎರಡೂ ಬರೆದಿಟ್ಟಿದ್ದೇವೆ. ಇದಕ್ಕಿಂತ ನಿಖರವಾಗಿ ಹೇಳಲು ಈ ಫೋನಿಗೆ ಶಕ್ತಿಯಿಲ್ಲ.

ಜುಲೈ 26, ಶನಿವಾರ

ತೂಕದ ಕಲ್ಲುಗಳನ್ನು ಅಂಗಡಿಗೆ ವಾಪಸ್ ಕೊಟ್ಟೆವು. ಬದಲಿಗೆ ಚಿಕ್ಕ ಬಾಟಲಿಗಳಿಗೆ ಮರಳು ತುಂಬಿ 50, 100, 200 ಗ್ರಾಂ ಮಾಡಿ ಮುಚ್ಚಳಕ್ಕೆ ಅಂಟು ಹಾಕಿದ್ದೇವೆ. ನೈಲಾನ್ ರೋಲರಿನ ತೋಡಿನಲ್ಲಿ ದಾರ ಸವೆದ ಸಣ್ಣ ಗುರುತು ಬಿದ್ದಿದೆ, ಮುಂದಿನ ವರ್ಷ ಬದಲಾಯಿಸಬೇಕು.

ಹಿಂದಿನ ಬೆಂಚಿನ ಹುಡುಗ ಈಗ ಎತ್ತಿನ ಗಾಡಿಗೆ ಬಂದಿದ್ದಾನೆ. ಕಬ್ಬು ತುಂಬಿದ ಗಾಡಿಯನ್ನು ವೇ ಬ್ರಿಡ್ಜಿನಲ್ಲಿ ತೂಗಿಸಿದ ಚೀಟಿ ಮನೆಯಲ್ಲಿದೆ, ತರುತ್ತೇನೆ ಅಂದಿದ್ದಾನೆ. "ಆ ಚೀಟಿಯಲ್ಲಿ ಎತ್ತಿನ ತೂಕ ಇದೆಯಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿದ. "ಎತ್ತೂ ಓಡ್ತಾವಲ್ಲ ಸಾ, ಅವನ್ನೂ ಸೇರಿಸ್ಬೇಕು" ಅಂದ. ಎತ್ತುಗಳನ್ನು ತೂಗುವುದು ಹೇಗೆ ಅಂತ ಇನ್ನೂ ದಾರಿ ಸಿಕ್ಕಿಲ್ಲ.

ನಮ್ಮ ಗಾಡಿ ಬಟ್ಟೆ ಸುತ್ತಿಕೊಂಡು ಬೀರುವಿನ ಮೇಲಿದೆ. ಸೀಲ್ ತೆಗೆದ ಬೇರಿಂಗಿಗೆ ಧೂಳು ಬೇಗ ಸೇರುತ್ತದೆ. ಯಾರೇ ತೆಗೆದು ಬಳಸಿದರೂ ಮೊದಲು ಮರಳಿನ ಲೋಟ ಕಟ್ಟಿ ನೋಡಲಿ ಅಂತ ಹಲಗೆಯ ಹಿಂದೆ ಬರೆದಿದ್ದೇವೆ. 1.2 ಕೆ.ಜಿ.ಗೆ 12 ಗ್ರಾಂಗಿಂತ ಜಾಸ್ತಿ ಕೇಳಿದರೆ ಬೇರಿಂಗ್ ತೊಳೆಯಬೇಕು.